ನಮ್ಮ ಗುಡ್ಡಗಳ ಕಾಡು ಈರುಳ್ಳಿ



ಯುಗಾದಿ ಕಳೆದು ಬೇಸಿಗೆಯ ಮೊದಲ ಹದಮಳೆ ಬಿದ್ದ ಮೇಲೆ ಗುಡ್ಡದ ಕಡೆಗೆ ಕುರಿ ಮೇಕೆ ಹೊಡೆದುಕೊಂಡು ಹೋಗುವವರು ಒಂದು ಸೋಜಿಗವನ್ನು ನೋಡಿರುತ್ತೀರಿ. ಸುತ್ತಮುತ್ತ ಎಲ್ಲಿಯೂ ಹಸಿರಿಲ್ಲ. ಕಲ್ಲು, ಮೊರಂಬು, ಒಣಗಿದ ಬಾದೆಹುಲ್ಲು. ಆದರೆ ಅದರ ನಡುವೆ ಎಲೆಯೇ ಇಲ್ಲದೆ ಒಂದು ಬರಿಯ ದಂಟು ನೆಲದಿಂದ ನೆಟ್ಟಗೆ ಎದ್ದು ನಿಂತಿರುತ್ತದೆ. ಒಂದೂವರೆ ಎರಡು ಅಡಿ ಎತ್ತರ. ತುದಿಯ ಕಡೆ ಚಿಕ್ಕ ಚಿಕ್ಕ ಹೂಗಳು, ಬಿಳುಪೂ ಅಲ್ಲ, ಕಂದೂ ಅಲ್ಲ, ಒಂದು ಬಗೆಯ ಮಬ್ಬು ಬಣ್ಣ. ದೇವರ ತಲೆಗೆ ಮುಡಿಸೋಣ ಅನ್ನುವಷ್ಟು ಚೆಲುವೇನೂ ಇಲ್ಲ. ಒಂದೊಂದು ಹೂವು ಒಂದು ದಿನವೂ ಪೂರ್ತಿ ಬಾಳುವುದಿಲ್ಲ. ಕೆಳಗಿನದು ಬಾಡಿದಂತೆ ಮೇಲಿನದು ಅರಳುತ್ತದೆ.

ಆ ದಂಟಿನ ಬುಡವನ್ನು ಹಾರೆಯಿಂದ ಮೀಟಿದರೆ ಕೆಳಗೆ ಒಂದು ಗೆಡ್ಡೆ ಸಿಗುತ್ತದೆ. ನೋಡಿದರೆ ಥೇಟು ಈರುಳ್ಳಿ. ಇದೇ ಕಾಡು ಈರುಳ್ಳಿ. ಅಡವಿ ಈರುಳ್ಳಿ ಎಂದೂ, ಕಾಡುಳ್ಳಿ ಎಂದೂ ಕರೆಯುವುದುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಸೀಮೆಯಲ್ಲಿ ಒಂದೇ ಜಗಲಿಯ ಮೇಲೆ ಕನ್ನಡ ತೆಲುಗು ಎರಡೂ ನಡೆಯುತ್ತವಷ್ಟೆ. ತೆಲುಗು ಮನೆಮಾತಿನವರು ಇದಕ್ಕೆ ನಕ್ಕ ಉಲ್ಲಿಗಡ್ಡ ಅಂತಾರೆ. ತಮಿಳರು ನರಿವೆಂಗಾಯಂ ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ನರಿ ಈರುಳ್ಳಿ. ಸಂಸ್ಕೃತದಲ್ಲಿ ವನಪಲಾಂಡು. ಸಸ್ಯಶಾಸ್ತ್ರದವರು ಮೊದಲು ಅರ್ಜೀನಿಯ ಇಂಡಿಕಾ ಎನ್ನುತ್ತಿದ್ದರು, ಈಗ ಡ್ರಿಮಿಯ ಇಂಡಿಕಾ ಎನ್ನುತ್ತಾರೆ. ನಮ್ಮ ಹಿರಿಯರು ತುಳಸಿಯಂತಿದ್ದು ತುಳಸಿಯಲ್ಲದ್ದಕ್ಕೆ ನಾಯಿತುಳಸಿ ಎಂದರು, ಸಾಸಿವೆಯಂತಿದ್ದು ಸಾಸಿವೆಯಲ್ಲದ್ದಕ್ಕೆ ನಾಯಿಸಾಸಿವೆ ಎಂದರು. ಈರುಳ್ಳಿಯಂತಿದ್ದು ಈರುಳ್ಳಿಯಲ್ಲದ್ದಕ್ಕೆ ನರಿಯ ಹೆಸರು ಇಟ್ಟರು. ಹೆಸರಿನಲ್ಲೇ ಎಚ್ಚರಿಕೆ ಕೂತಿದೆ ಎಂದು ನನ್ನ ಭಾವನೆ.

ಈ ಗಿಡವನ್ನು ಕುರಿತು ಇವತ್ತು ಮಾತಾಡಲು ಒಂದು ಕಾರಣವಿದೆ. ಇದು ಮದ್ದು ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಆದರೆ ಎಷ್ಟು, ಯಾವಾಗ, ಯಾರಿಗೆ, ಹೇಗೆ ಹದಮಾಡಿ ಎಂಬ ಮಾತು ಉಳಿದಿಲ್ಲ. ಮದ್ದಿನ ಹೆಸರು ಮೊಮ್ಮಕ್ಕಳಿಗೆ ಬಂತು, ಮದ್ದಿನ ಅಳತೆ ಅಜ್ಜಿಯ ಜೊತೆಯಲ್ಲೇ ಹೋಯಿತು. ಬೇರೆ ಗಿಡಗಳ ವಿಚಾರದಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಒಂದೆಲಗದ ಚಟ್ನಿ ಒಂದು ತುತ್ತು ಹೆಚ್ಚು ತಿಂದರೆ ಏನಾದೀತು? ಕಾಡು ಈರುಳ್ಳಿಯ ವಿಚಾರ ಹಾಗಲ್ಲ.

ಮೊದಲು ಗುರುತು ಹೇಳುತ್ತೇನೆ. ನಂದಿ, ಸ್ಕಂದಗಿರಿ, ಅಂಬಾಜಿದುರ್ಗ, ತಲಕಾಯಲಬೆಟ್ಟ, ಇಂಥ ಬೆಟ್ಟಗಳ ತಪ್ಪಲಿನ ಕಲ್ಲುಮಿಶ್ರಿತ ಕೆಂಪು ನೆಲವೇ ಇದಕ್ಕೆ ಒಗ್ಗಿದ ನೆಲ. ನೀರು ನಿಲ್ಲುವ ಕಡೆ ಬರುವುದಿಲ್ಲ. ಗೆಡ್ಡೆ ನಿಂಬೆಹಣ್ಣಿನ ಗಾತ್ರದಿಂದ ದೊಡ್ಡ ಈರುಳ್ಳಿಯ ಗಾತ್ರದವರೆಗೂ ಇರುತ್ತದೆ. ಹೊರಗೆ ತೆಳುವಾದ ಒಣಸಿಪ್ಪೆ, ಒಳಗೆ ಬಿಳಿಯ ದಪ್ಪ ಪದರಗಳು, ಕೊಯ್ದರೆ ಲೋಳೆ. ಹೂವು ಮುಗಿದ ಮೇಲೆ ಮೂರು ಮೂಲೆಯ ಕಾಯಿ ಕಟ್ಟುತ್ತದೆ, ಒಡೆದರೆ ಚಪ್ಪಟೆಯಾದ ಕಪ್ಪು ಬೀಜ. ಮುಂಗಾರು ಕಾಲೂರಿದ ಮೇಲಷ್ಟೆ ಎಲೆ ಬರುವುದು. ಆ ಎಲೆ ಪಟ್ಟಿಯಂತೆ ಚಪ್ಪಟೆ, ಒಂದು ಒಂದೂವರೆ ಅಡಿ ಉದ್ದ. ಅಡುಗೆಯ ಈರುಳ್ಳಿಯ ಎಲೆ ಕೊಳವೆಯಂತೆ ಟೊಳ್ಳು, ಇದರದು ಟೊಳ್ಳಲ್ಲ. ಮಳೆಗಾಲ ಹಿಂದಾದಂತೆ ಎಲೆಯೆಲ್ಲ ಒಣಗಿ ಹೋಗಿ, ಗೆಡ್ಡೆ ನೆಲದೊಳಗೆ ಮಲಗಿಬಿಡುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಗುರುತು ವಾಸನೆ. ಪದರವನ್ನು ಕಿವುಚಿ ಮೂಗಿನ ಹತ್ತಿರ ಹಿಡಿಯಿರಿ. ಈರುಳ್ಳಿಯ ಘಾಟು ಇಲ್ಲ ಅಂದರೆ ಅದು ಈರುಳ್ಳಿಯಲ್ಲ, ಅಷ್ಟೆ. ನಾಲಿಗೆಗೆ ಮುಟ್ಟಿಸಿ ನೋಡುವ ಗೋಜಿಗೆ ಹೋಗಬೇಡಿ. ಬಲು ಕಹಿ. ಬರಿಗೈಯಲ್ಲಿ ಬಹಳ ಹೊತ್ತು ಕಿವುಚಿದರೆ ಕೈ ತುರಿಸುತ್ತದೆ, ಗುಳ್ಳೆಯೂ ಏಳಬಹುದು. ಲೋಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಯಂಥ ಹರಳುಗಳಿರುತ್ತವೆ, ಅವು ಚರ್ಮಕ್ಕೆ ಚುಚ್ಚುತ್ತವೆ. ಸುವರ್ಣಗೆಡ್ಡೆ ಹೆಚ್ಚುವಾಗ ತಾಯಂದಿರು ಕೈಗೆ ಎಣ್ಣೆ ಸವರಿಕೊಳ್ಳುವುದಿಲ್ಲವೆ, ಇಲ್ಲಿಯೂ ಅದೇ ಉಪಾಯ.

ಇನ್ನು ಹಿಂದಿನವರು ಇದನ್ನು ಯಾವುದಕ್ಕೆ ಬಳಸುತ್ತಿದ್ದರು ಎಂಬುದಕ್ಕೆ ಬರೋಣ. ಬೆಟ್ಟ ಕಾಡು ಸುತ್ತಿ ಬದುಕಿದ ಜನ, ಕುರಿಗಾಹಿಗಳು, ಊರೂರು ತಿರುಗುವ ನಾಟಿ ಮದ್ದಿನವರು, ಇವರಿಗೆಲ್ಲ ಈ ಗೆಡ್ಡೆ ಚೆನ್ನಾಗಿ ಗೊತ್ತಿತ್ತು. ಇವರ ಬಳಕೆಯಲ್ಲಿ ಮುಖ್ಯವಾದದ್ದು ಕಾಲಿನ ಮದ್ದು. ಇದು ಆಶ್ಚರ್ಯವಲ್ಲ. ಮೆಟ್ಟಿಲ್ಲದ ಕಾಲು, ಜಾಲಿಮುಳ್ಳಿನ ದಾರಿ, ಮಟಮಟ ಬಿಸಿಲಿನಲ್ಲಿ ಕಾದ ಬಂಡೆ. ಅಂಗಾಲಿನಲ್ಲಿ ಆಣಿ ಎದ್ದರೆ ಆ ಮನುಷ್ಯನ ಕೂಲಿ ಹೋಯಿತು, ಕುರಿಮಂದೆಯ ಕಾವಲು ಹೋಯಿತು. ಗೆಡ್ಡೆಯನ್ನು ಬಿಸಿಬೂದಿಯಲ್ಲಿ ಹೂತು ಬೇಯಿಸುತ್ತಿದ್ದರು. ಮೆತ್ತಗಾದ ಮೇಲೆ ಎರಡು ಹೋಳು ಮಾಡಿ, ಕೈಗೆ ತಾಳುವಷ್ಟು ಆರಿಸಿ, ಆಣಿಯ ಮೇಲೆ ಇಟ್ಟು ಬಟ್ಟೆ ಕಟ್ಟಿ ರಾತ್ರಿ ಬಿಡುತ್ತಿದ್ದರು. ಕೆಲವು ದಿನ ಹೀಗೆ ಮಾಡಿದರೆ ಗಟ್ಟಿಯಾದ ಚರ್ಮ ಮೆತ್ತಗಾಗಿ ಆಣಿ ಸಡಿಲವಾಗುವುದು. ಅಂಗಾಲು ಉರಿಗೂ ಇದನ್ನೇ ಕಟ್ಟುವುದುಂಟು. ನರೂಲಿಗೆ ಒಣಗೆಡ್ಡೆಯ ಪುಡಿ ಹಚ್ಚುವುದೂ ಉಂಟು.

ಇಲ್ಲಿ ದೂರದ ಒಂದು ಸಂಗತಿ ನೆನಪಾಗುತ್ತದೆ. ನಮ್ಮ ಕಾಡು ಈರುಳ್ಳಿಗೆ ಮೆಡಿಟರೇನಿಯನ್ ಸಮುದ್ರದ ತೀರದಲ್ಲಿ ಒಬ್ಬ ಅಕ್ಕ ಇದ್ದಾಳೆ. ಅದೇ ಜಾತಿ, ಗೆಡ್ಡೆ ಮಾತ್ರ ಇದಕ್ಕಿಂತ ಬಹಳ ದೊಡ್ಡದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಡಯಾಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯ ತನ್ನ ಮೂಲಿಕೆಗಳ ಗ್ರಂಥದಲ್ಲಿ ಆ ಗೆಡ್ಡೆಯ ವಿಚಾರ ಬರೆದಿದ್ದಾನೆ. ಕಣಕವನ್ನೋ ಜೇಡಿಮಣ್ಣನ್ನೋ ಮೆತ್ತಿ ಕೆಂಡದಲ್ಲಿ ಹೂತು ಸುಡಬೇಕು ಎಂದು ಹೇಳುತ್ತಾನೆ. ಕಾಲಿನ ಒಡಕಿಗೆ ಎಣ್ಣೆಯಲ್ಲಿ ಬೇಯಿಸಿ ಹಚ್ಚುವುದನ್ನೂ ಹೇಳುತ್ತಾನೆ. ಅಲ್ಲಿನ ಕುರುಬನ ಕಾಲಿಗೂ ಇಲ್ಲಿನ ಕುರುಬನ ಕಾಲಿಗೂ ಒಂದೇ ಮದ್ದು, ಒಂದೇ ಕೆಂಡ! ಒಬ್ಬರನ್ನು ನೋಡಿ ಒಬ್ಬರು ಕಲಿತರೋ, ಬರಿಗಾಲೇ ಇಬ್ಬರಿಗೂ ಕಲಿಸಿತೋ, ಹೇಳಲು ಬರುವುದಿಲ್ಲ.

ಹೊರಗೆ ಹಚ್ಚುವ ಈ ಬಳಕೆಯಲ್ಲಿ ಅಪಾಯ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಗಾಯವಾದ, ಬಿರಿದು ರಕ್ತ ಬರುವ ಜಾಗಕ್ಕೆ ಇದನ್ನು ಇಡಕೂಡದು. ಮುಖಕ್ಕೆ, ಮಕ್ಕಳ ಎಳೆಯ ಚರ್ಮಕ್ಕೆ ಬೇಡವೇ ಬೇಡ.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಹಿಂದೆ ಅಂಗಾಲು ಉರಿ ಅಂದರೆ ಬಿಸಿಲು, ಉಷ್ಣ ಎಂದುಕೊಂಡು ಮದ್ದು ಕಟ್ಟುತ್ತಿದ್ದರು. ಇವತ್ತು ನಲವತ್ತು ದಾಟಿದವರಿಗೆ ರಾತ್ರಿ ಹೊತ್ತು ಅಂಗಾಲು ಉರಿಯುತ್ತಿದೆ, ಜುಮುಗುಡುತ್ತಿದೆ ಎಂದರೆ ಅದು ಸಕ್ಕರೆ ಕಾಯಿಲೆಯ ಗುರುತಾಗಿರಬಹುದು. ಸಕ್ಕರೆಯ ಅಂಶ ರಕ್ತದಲ್ಲಿ ಹೆಚ್ಚಾಗಿ ನಿಂತರೆ ಕಾಲಿನ ನರಗಳು ಕೆಡುತ್ತವೆ. ಮೊದಲು ಉರಿ, ಆಮೇಲೆ ಮರಗಟ್ಟುವಿಕೆ. ಮರಗಟ್ಟಿದ ಕಾಲಿಗೆ ಸುಟ್ಟ ಗೆಡ್ಡೆ ಕಟ್ಟಿದರೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಬೆಳಗ್ಗೆ ಬಟ್ಟೆ ಬಿಚ್ಚಿ ನೋಡಿದರೆ ಬೊಬ್ಬೆ. ಆ ಬೊಬ್ಬೆ ವ್ರಣವಾಗಿ ಬೆರಳನ್ನೇ ತೆಗೆಯುವ ಪಾಡು ಬರಬಹುದು. ಆದ್ದರಿಂದ ಅಂಗಾಲು ಉರಿ ಎಂದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಗೆಡ್ಡೆ ಗುಡ್ಡದಲ್ಲೇ ಇರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಹೊಟ್ಟೆಗೆ ಕೊಡುವ ಮಾತು. ಎದೆಯಲ್ಲಿ ಕಫ ಕಟ್ಟಿ ಗೊರಗೊರ ಎನ್ನುವ ಹಳೆಯ ಕೆಮ್ಮಿಗೆ ಕಾಡು ಈರುಳ್ಳಿಯನ್ನು ಜೇನಿನಲ್ಲಿ ಕೊಡುವ ರೂಢಿ ನಮ್ಮಲ್ಲಿ ಇತ್ತು. ಆಯುರ್ವೇದದವರೂ ಯುನಾನಿ ಹಕೀಮರೂ ಇದನ್ನು ಬಲ್ಲರು. ಪರದೇಶದವರಲ್ಲಿ ಜೇನು, ಹುಳಿ ಮತ್ತು ಈ ಗೆಡ್ಡೆಯನ್ನು ಸೇರಿಸಿ ಮಾಡುವ ಲೇಹ್ಯದಂಥ ಔಷಧಿಯಿತ್ತು. ಬ್ರಿಟಿಷರ ಅಧಿಕೃತ ಔಷಧಿ ಗ್ರಂಥದಲ್ಲಿ ಮೆಡಿಟರೇನಿಯನ್ ಗೆಡ್ಡೆಗೆ ಬದಲಾಗಿ ನಮ್ಮ ಗೆಡ್ಡೆಯನ್ನು ಬಳಸಲು ಒಪ್ಪಿಗೆಯಿತ್ತು. ಅವರು ಇದನ್ನು ಇಂಡಿಯನ್ ಸ್ಕ್ವಿಲ್ ಎಂದರು. ಪೇಟೆಯ ಕೆಮ್ಮಿನ ಸಿರಪ್ಪುಗಳಲ್ಲಿ ಎಷ್ಟೋ ಕಾಲ ಇದು ಇತ್ತು. ಆದ್ದರಿಂದ ಇದು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವ ವಿದ್ಯಾವಂತರ ಮಾತು ಸರಿಯಲ್ಲ. ಗೆಡ್ಡೆಯ ರಸ ಜಠರವನ್ನು ಕೆಣಕುತ್ತದೆ. ಜಠರ ಕೆಣಕಿದಾಗ ವಾಂತಿಗೆ ಮುಂಚೆ ಬಾಯಲ್ಲಿ ನೀರೂರುವಂತೆ ಶ್ವಾಸನಾಳದಲ್ಲೂ ನೀರು ಸುರಿದು, ಅಂಟಿದ ಕಫ ಸಡಿಲವಾಗಿ ಹೊರಬರುತ್ತದೆ. ಕೆಲಸ ನಿಜ.

ಮೈಗೆ ನೀರು ತುಂಬಿ ಕಾಲು ಬಾತುಕೊಂಡವರಿಗೂ ಇದನ್ನು ಕೊಡುತ್ತಿದ್ದರು. ನೀರು ಮೂತ್ರದಲ್ಲಿ ಇಳಿದುಹೋಗುತ್ತಿತ್ತು. ಇದೂ ನಿಜ. ಆದರೆ ಇದು ಹೇಗೆ ಆಗುತ್ತಿತ್ತು ಎಂಬಲ್ಲೇ ಗೆಡ್ಡೆಯ ಗುಟ್ಟಿದೆ. ಇದು ಹೃದಯದ ಮೇಲೆ ನೇರವಾಗಿ ಕೆಲಸ ಮಾಡುವ ವಸ್ತು. ದುರ್ಬಲವಾದ ಹೃದಯ ಬಲವಾಗಿ ಒತ್ತುವಂತೆ ಮಾಡುತ್ತದೆ, ಬಡಿತವನ್ನು ನಿಧಾನ ಮಾಡುತ್ತದೆ. ರಕ್ತ ಚೆನ್ನಾಗಿ ಓಡಿದ್ದರಿಂದ ಬಾವಿನ ನೀರು ಇಳಿಯುತ್ತದೆ. ಇಂಗ್ಲೆಂಡಿನಲ್ಲಿ 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯ ಇನ್ನೊಂದು ಗಿಡದಲ್ಲಿ ಇದೇ ಬಗೆಯ ಗುಣವನ್ನು ವಿವರಿಸಿದ. ಆ ಗಿಡದ ಇಂಗ್ಲಿಷ್ ಹೆಸರಿಗೆ ನರಿಯ ಕೈಚೀಲ ಎಂಬಂತೆ ಅರ್ಥ ಬರುತ್ತದೆ. ಅಲ್ಲಿಯೂ ನರಿಯೇ! ಆ ಗಿಡದ ಬಳಗದಿಂದ ಬಂದದ್ದು ಇಂದು ಡಾಕ್ಟರು ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಮಾತ್ರೆ. ಆ ಮಾತ್ರೆಯನ್ನು ಡಾಕ್ಟರು ಎಷ್ಟು ಎಚ್ಚರಿಕೆಯಿಂದ ಕೊಡುತ್ತಾರೆ ಎಂಬುದನ್ನು ನುಂಗುವವರನ್ನು ಕೇಳಿ ನೋಡಿ. ಏಕೆಂದರೆ ಮದ್ದಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಿರಿದು. ಕಾಡು ಈರುಳ್ಳಿಯದೂ ಅದೇ ಗುಣ.

ಹಿಂದಿನ ಬ್ರಿಟಿಷ್ ಔಷಧಿ ಗ್ರಂಥದಲ್ಲಿ ಒಣಪುಡಿಗೆ ಹೇಳಿದ್ದ ಪ್ರಮಾಣ 60ರಿಂದ 200 ಮಿಲಿಗ್ರಾಂ. ಅದು ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಎಷ್ಟಾಯಿತು? ಹೆಚ್ಚು ಕಡಿಮೆ ಅರ್ಧ ಗುಲಗಂಜಿಯಿಂದ ಒಂದೂವರೆ ಗುಲಗಂಜಿ ತೂಕ. ಇದನ್ನು ನೀವು ಮನೆಯಲ್ಲಿ ಮಾಡಿ ನೋಡಿ ಎಂದು ನಾನು ಹೇಳುತ್ತಿಲ್ಲ. ಎಷ್ಟು ಸಣ್ಣ ಅಳತೆ ಎಂಬುದು ಮನಸ್ಸಿಗೆ ಬರಲೆಂದು ಹೇಳಿದೆ. ಒಂದು ಟೀ ಚಮಚ ಪುಡಿ ಅಂದರೆ ಈ ಮೇಲಿನ ಅಳತೆಯ ಹತ್ತು ಪಟ್ಟು ದಾಟುತ್ತದೆ.

ಇದರ ಮೇಲೆ ಇನ್ನೊಂದು ತೊಡಕು ನೋಡಿ. ಹಸಿಗೆಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. ಐದು ಕಿಲೋ ಹಸಿಯದನ್ನು ಒಣಗಿಸಿದರೆ ಸಿಗುವುದು ಸುಮಾರು ಒಂದು ಕಿಲೋ. ಅಜ್ಜಿ ಹೇಳಿದ್ದು ಹಸಿಗೆಡ್ಡೆಯ ಲೆಕ್ಕ ಎಂದಿಟ್ಟುಕೊಳ್ಳಿ. ಮೊಮ್ಮಗ ಸಂತೆಯಲ್ಲಿ ಒಣಪುಡಿ ಕೊಂಡು ತಂದು ಅದೇ ತೂಕ ಹಾಕಿದರೆ ಐದು ಪಟ್ಟು ಆಯಿತು! ಅಜ್ಜಿ ಸುಳ್ಳು ಹೇಳಲಿಲ್ಲ, ಮೊಮ್ಮಗ ದುರಾಸೆ ಪಡಲಿಲ್ಲ, ಆದರೂ ಕುಡಿದವನ ಹೃದಯ ನಿಲ್ಲಬಹುದು. ಬಲ್ಲವರು ಹೊರಗಿನ ಒಣಸಿಪ್ಪೆಯನ್ನೂ ನಟ್ಟನಡುವಿನ ಸುಳಿಯನ್ನೂ ತೆಗೆದುಹಾಕಿ, ನಡುವಿನ ದಪ್ಪ ಪದರಗಳನ್ನು ಮಾತ್ರ ಹೆಚ್ಚಿ ಒಣಗಿಸುತ್ತಿದ್ದರು. ಹೂವು ಮುಗಿದ ಕೂಡಲೆ ಕೀಳುತ್ತಿದ್ದರು. ಒಣಗಿದ್ದನ್ನು ತೇವ ತಗಲದಂತೆ ಭದ್ರವಾಗಿ ಮುಚ್ಚಿಡುತ್ತಿದ್ದರು, ಏಕೆಂದರೆ ಅದು ಗಾಳಿಯ ತೇವವನ್ನು ಎಳೆದುಕೊಂಡು ತೊಗಲಿನಂತೆ ನಾರುಗಟ್ಟುತ್ತದೆ. ಗೆಡ್ಡೆಯ ವಯಸ್ಸು, ಕಿತ್ತ ಕಾಲ, ನೆಲ, ಇವುಗಳ ಮೇಲೆ ಸತ್ವ ಬದಲಾಗುತ್ತದೆ. ಇಷ್ಟನ್ನೂ ಒಬ್ಬ ನಾಟಿ ವೈದ್ಯ ತನ್ನ ತಂದೆಯ ಹಿಂದೆ ಇಪ್ಪತ್ತು ವರ್ಷ ಗುಡ್ಡ ಸುತ್ತಿ ಕಲಿಯುತ್ತಿದ್ದ. ನಾವು ಕಲಿತದ್ದು 'ಕೆಮ್ಮಿಗೆ ಕಾಡು ಈರುಳ್ಳಿ ಒಳ್ಳೇದು' ಎಂಬ ಮೂರು ನಾಲ್ಕು ಪದ ಮಾತ್ರ.

ಆದ್ದರಿಂದ ಖಂಡಿತವಾಗಿ ಹೇಳುತ್ತೇನೆ. ಮನೆಯಲ್ಲಿ ನಾವು ನಾವೇ ಇದನ್ನು ಹೊಟ್ಟೆಗೆ ಕೊಡಕೂಡದು. ಬಸುರಿಯರಿಗೆ ಅಂತೂ ಮುಟ್ಟಿಸಲೇಬಾರದು, ಗರ್ಭಕ್ಕೆ ಕೇಡು. ಹೃದಯದ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಇದನ್ನೂ ತಿಂದರೆ ಎರಡು ಎತ್ತನ್ನು ಒಂದೇ ಕಡೆಗೆ ಹೂಡಿದಂತೆ, ಬಂಡಿ ಮಗುಚುತ್ತದೆ. ಕೂಸುಗಳ ಕೆಮ್ಮಿಗೆ ಯಾರಾದರೂ ಇದನ್ನು ತೇದು ನೆಕ್ಕಿಸಿ ಎಂದರೆ, ಅಮ್ಮ, ನಯವಾಗಿಯೇ ಆಗಲಿ, ಬೇಡ ಅನ್ನಿ.

ಒಂದು ವೇಳೆ ತಿಂದದ್ದಾಯಿತು ಎನ್ನಿ. ಮಗು ಆಟಕ್ಕೆ ಕಚ್ಚಿತು, ಅಥವಾ ಯಾರೋ ಪುಡಿ ಕುಡಿದರು. ಓಕರಿಕೆ, ವಾಂತಿ, ಭೇದಿ ಕಾಣುತ್ತದೆ. ಆಮೇಲೆ ತಲೆಸುತ್ತು, ನಾಡಿ ನಿಧಾನವಾಗುವುದು, ತಾಳತಪ್ಪಿ ಬಡಿಯುವುದು. ಉಪ್ಪುನೀರು ಕುಡಿಸಿ ಬಲವಂತವಾಗಿ ವಾಂತಿ ಮಾಡಿಸಬೇಡಿ. ವಾಂತಿ ನಿಂತಿತು, ಗೆದ್ದೆವು ಎಂದು ಮನೆಯಲ್ಲಿ ಕೂರಲೂ ಬೇಡಿ, ಹೃದಯದ ತೊಂದರೆ ತಡವಾಗಿ ಬರಬಹುದು. 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಗೆಡ್ಡೆಯ ತುಂಡನ್ನು ಕಾಗದದಲ್ಲಿ ಸುತ್ತಿ ಜೊತೆಯಲ್ಲಿ ಒಯ್ಯಿರಿ. 'ಇದು ಕಾಡು ಈರುಳ್ಳಿ, ಡಿಗಾಕ್ಸಿನ್ ಬಗೆಯ ವಿಷ' ಎಂದು ಡಾಕ್ಟರಿಗೆ ಹೇಳಿದರೆ ಅವರಿಗೆ ಅರ್ಧ ಕೆಲಸ ಹಗುರಾಗುತ್ತದೆ.

ಇಲಿಯ ಮಾತನ್ನೂ ಹೇಳಿಬಿಡುತ್ತೇನೆ. ಕೆಲವು ಕಡೆ ಈ ಗೆಡ್ಡೆಯನ್ನು ತುರಿದು ಹಿಟ್ಟಿನಲ್ಲಿ ಕಲಸಿ ಇಲಿಗೆ ಇಡುವುದುಂಟು. ಇದರ ಹಿಂದೆ ಒಂದು ತಮಾಷೆಯ ಸತ್ಯವಿದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ನಾಯಿ ಬೆಕ್ಕು ತಿಂದರೆ ಕಕ್ಕಿಬಿಡುತ್ತವೆ, ಇಲಿ ಕಕ್ಕಲಾರದೆ ಸಾಯುತ್ತದೆ. ಮೆಡಿಟರೇನಿಯನ್ ಗೆಡ್ಡೆಯ ಕೆಂಪು ಬಗೆಯಿಂದ ಪರದೇಶದಲ್ಲಿ ಇಲಿಪಾಷಾಣವನ್ನೇ ಮಾಡಿ ಮಾರುತ್ತಿದ್ದರು. ನಮ್ಮದು ಬಿಳಿಯ ಬಗೆ, ಇಲಿಗೆ ಅಷ್ಟು ತೀಕ್ಷ್ಣವಲ್ಲ. ಮೇಲಾಗಿ ಹಿಟ್ಟಿನ ಉಂಡೆ ಕೂಸುಗಳ ಕೈಗೆ ಸಿಕ್ಕರೆ ಗತಿ ಏನು? ಕಣಜದ ಇಲಿಗೆ ಬೋನೇ ವಾಸಿ.

ಇನ್ನು ದನಕರುಗಳು. ಹಾಲನ್ನು ನಂಬಿ ಸಂಸಾರ ನಡೆಸುವ ಮನೆಗಳು ನಮ್ಮಲ್ಲಿ ಬಹಳ, ಆದ್ದರಿಂದ ಈ ಭಾಗ ಕಿವಿಗೊಟ್ಟು ಕೇಳಿ. ಗುಡ್ಡದಲ್ಲಿ ಮೇಯುವ ನಾಡಹಸು, ಕುರಿ, ಮೇಕೆ ಕಾಡು ಈರುಳ್ಳಿಯ ಎಲೆಯನ್ನು ಮೂಸಿ ಬಿಟ್ಟುಹೋಗುತ್ತವೆ. ಕಹಿ ಅವಕ್ಕೆ ಗೊತ್ತು. ಆದರೂ ಅಪಾಯ ಬರುವ ಹೊತ್ತುಗಳಿವೆ. ದಕ್ಷಿಣ ಆಫ್ರಿಕದಲ್ಲಿ ಇದರ ಇನ್ನೊಂದು ಬಳಗದ ಗೆಡ್ಡೆಯುಂಟು. ಮೊಗ್ಗು ನೆಲದಿಂದ ಏಳುವಾಗ ಹಾವಿನ ಹೆಡೆಯಂತೆ ಕಾಣುವುದರಿಂದ ಅಲ್ಲಿಯವರು ಅದನ್ನು ಹಾವಿನ ತಲೆ ಎಂಬರ್ಥದ ಸ್ಲಾಂಗ್‌ಕಾಪ್ ಎಂಬ ಹೆಸರಿನಿಂದ ಕರೆಯುತ್ತಾರೆ. ಹುಲ್ಲು ಚಿಗುರುವುದಕ್ಕೆ ಮುಂಚೆ ಅದು ಮೊದಲು ಹಸಿರಾಗುತ್ತದೆ. ಬೇಸಿಗೆಯೆಲ್ಲ ಒಣಮೇವು ತಿಂದು ಹಸಿದ ದನ ಕುರಿಗಳು ಆ ಹಸಿರಿಗೆ ಬಾಯಿ ಹಾಕಿ ಸಾಯುತ್ತವೆ. ಅದರಲ್ಲೂ ಆ ನೆಲದ ಪರಿಚಯವಿಲ್ಲದೆ ಹೊಸದಾಗಿ ಬಂದ ದನಗಳು ಮೊದಲು ಸಿಕ್ಕಿಬೀಳುತ್ತವೆ.

ನಮಗೆ ಇದರಿಂದ ಕಲಿಯುವುದಿದೆ. ಮೊದಲ ಮಳೆ ಬಿದ್ದ ವಾರಗಳಲ್ಲಿ ಹಸಿದ ಹೊಟ್ಟೆಯ ಕರುಗಳನ್ನೂ, ಸಂತೆಯಿಂದ ಹೊಸದಾಗಿ ತಂದ ಕುರಿಗಳನ್ನೂ ಕಾಡು ಈರುಳ್ಳಿ ಇರುವ ಗುಡ್ಡಕ್ಕೆ ಬಿಡಬೇಡಿ. ಬಿಡಲೇಬೇಕಾದರೆ ಮನೆಯಲ್ಲಿ ಒಂದಿಷ್ಟು ಹುಲ್ಲು ತಿನ್ನಿಸಿ ಬಿಡಿ. ಇನ್ನೊಂದು, ಇದು ನಮ್ಮ ಕಾಲದ ತೊಂದರೆ. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಸೀಮೆಹಸುವಿಗೆ ಬದುವಿನ ಮೇಲಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ತರುತ್ತೇವೆ. ಆ ಹೊರೆಯಲ್ಲಿ ಪಟ್ಟಿಯಂಥ ಈ ಎಲೆಗಳೂ ಸೇರಿರಬಹುದು. ಬಯಲಲ್ಲಿ ಆದರೆ ಹಸು ಆರಿಸಿ ಬಿಡುತ್ತಿತ್ತು. ಯಂತ್ರದಲ್ಲಿ ಕತ್ತರಿಸಿ, ಹಿಂಡಿ ಬೂಸ ಕಲಸಿ ಮುಂದೆ ಸುರಿದರೆ ಅದು ಹೇಗೆ ಆರಿಸೀತು? ಹೊರೆಯನ್ನು ಯಂತ್ರಕ್ಕೆ ಕೊಡುವ ಮುಂಚೆ ಒಮ್ಮೆ ಕೈಯಾಡಿಸಿ ನೋಡುವ ಕೆಲಸ ಮನೆಯ ಹೆಣ್ಣುಮಕ್ಕಳದೇ ಆಗಿಬಿಟ್ಟಿದೆ, ಗಂಡಸರೂ ಸ್ವಲ್ಪ ಬಗ್ಗಿ ನೋಡಿದರೆ ನಷ್ಟವಿಲ್ಲ. ರೇಷ್ಮೆ ಮನೆಯವರಿಗೆ ಮಾತ್ರ ಈ ಚಿಂತೆಯಿಲ್ಲ. ಹುಳು ಹಿಪ್ಪುನೇರಳೆ ಬಿಟ್ಟು ಬೇರೆಯದನ್ನು ಬೇಕೆನ್ನುವುದಿಲ್ಲ. ಮನುಷ್ಯರಿಗಿಂತ ಅದಕ್ಕೇ ಪಥ್ಯ ಚೆನ್ನಾಗಿ ಗೊತ್ತು!

ಮೇವು ಬಿಟ್ಟು, ಭೇದಿಯಾಗಿ, ಹೊಟ್ಟೆಯುಬ್ಬಿ, ಏದುಸಿರು ಬಿಡುತ್ತ ನಿಂತ ದನ ಇದನ್ನು ತಿಂದಿದೆಯೆಂದು ಅನುಮಾನ ಬಂದರೆ ಅದನ್ನು ಓಡಿಸಬೇಡಿ, ಊರಿಂದೂರಿಗೆ ನಡೆಸಿಕೊಂಡು ಹೋಗಬೇಡಿ. ದಣಿವಾದರೆ ಹೃದಯ ಅಲ್ಲೇ ಸೋಲುತ್ತದೆ. ನೆರಳಿನಲ್ಲಿ ಸುಮ್ಮನೆ ನಿಲ್ಲಿಸಿ, ಪಶುವೈದ್ಯರನ್ನು ಕೊಟ್ಟಿಗೆಗೇ ಕರೆಸಿ. 1962ಕ್ಕೆ ಫೋನು ಮಾಡಿ ಪಶುವೈದ್ಯ ವಾಹನವನ್ನು ಕೇಳಬಹುದು.

ಇಷ್ಟೆಲ್ಲ ಕೇಳಿದ ಮೇಲೆ, 'ಹಾಗಾದ್ರೆ ಸ್ವಾಮಿ, ಈ ಪೀಡೆಯನ್ನು ಕಂಡಲ್ಲೆಲ್ಲ ಕಿತ್ತು ಬಿಸಾಡೋಣ' ಎನ್ನುವವರು ಇದ್ದಾರೆ. ಬೇಡಿ. ಗೆಡ್ಡೆ ಬಿತ್ತದಿಂದ ಬೆಳೆದು ಹೂಬಿಡಲು ಹಲವು ವರ್ಷ ಬೇಕು. ಅಂಥದ್ದನ್ನು ಮೂಲಿಕೆ ಕೊಳ್ಳುವ ದಲ್ಲಾಳಿಗಳು ಬಂದರೆಂದು ಮೂಟೆಗಟ್ಟಲೆ ಅಗೆದು ಕೊಡುವುದು, ಕಲ್ಲುಕ್ವಾರಿಗೆಂದು ಗುಡ್ಡವನ್ನೇ ಸೀಳುವುದು, ಎರಡರಿಂದಲೂ ಇದರ ನೆಲೆ ಕಿರಿದಾಗುತ್ತಿದೆ. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧವೂ ಹೌದು. ತನ್ನ ಜಾಗದಲ್ಲಿ ತಾನಿರುವ ಗೆಡ್ಡೆ ಯಾರ ಮನೆಗೂ ನಡೆದು ಬಂದು ವಿಷ ಹಾಕುವುದಿಲ್ಲ.

ಪ್ಯಾಲಸ್ತೀನ್, ಲಿಬಿಯ ಮೊದಲಾದ ಒಣನಾಡುಗಳ ರೈತರು ಇದರ ಅಕ್ಕನಾದ ದೊಡ್ಡ ಗೆಡ್ಡೆಯನ್ನು ಹೊಲದ ಎಲ್ಲೆಯ ಉದ್ದಕ್ಕೂ ನೆಡುತ್ತಾ ಬಂದಿದ್ದಾರೆ. ದನ ತಿನ್ನುವುದಿಲ್ಲ, ಬರಕ್ಕೆ ಸಾಯುವುದಿಲ್ಲ, ಆಳದಲ್ಲಿ ಕೂತಿದ್ದರಿಂದ ಸುಲಭವಾಗಿ ಕಿತ್ತು ಸರಿಸಲೂ ಆಗುವುದಿಲ್ಲ. ಎಲ್ಲೆಯ ಕಲ್ಲನ್ನು ರಾತ್ರೋರಾತ್ರಿ ಒಂದು ಮಾರು ಆಚೆ ನೂಕುವ ದಾಯಾದಿಗಳು ನಮ್ಮಲ್ಲೂ ಇದ್ದಾರಲ್ಲ! ಬದುವಿಗೆ ಕತ್ತಾಳೆ ಹಾಕುವ ನಮ್ಮ ಪದ್ಧತಿಯೂ ಇದೇ ಯೋಚನೆಯದು. ದನಕ್ಕೆಂದು ಹುಲ್ಲು ಕೊಯ್ಯದ, ಮಕ್ಕಳು ಆಡದ ಕಲ್ಲುಬದುವಿನ ಒಂದು ಮೂಲೆಯಲ್ಲಿ ನಾಲ್ಕು ಗೆಡ್ಡೆಗೆ ಜಾಗ ಕೊಡಬಹುದು.

ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಎಪ್ಪತ್ತು ಎಂಬತ್ತು ದಾಟಿದ ಮದ್ದು ಬಲ್ಲ ಅಜ್ಜಿಯೋ, ಕುರಿ ಕಾಯ್ದ ತಾತನೋ ಇದ್ದರೆ ಹತ್ತಿರ ಕೂತು ಕೇಳಿ. 'ಯಾವುದಕ್ಕೆ ಮದ್ದು ತಾತ' ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ಹಾಗೆ ಕೇಳಬೇಡಿ. 'ಹಸಿಯದೋ ಒಣಗಿದ್ದೋ? ಎಷ್ಟು? ಎಷ್ಟು ದಿನ? ಯಾರಿಗೆ ಕೊಡ್ತಿರಲಿಲ್ಲ? ಹೆಚ್ಚಾದರೆ ಏನಾಗ್ತಿತ್ತು? ಆಗ ಏನು ಮಾಡ್ತಿದ್ರಿ?' ಎಂದು ಕೇಳಿ, ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ನೋಟುಬುಕ್ಕಿನಲ್ಲಿ ಬರೆಸಿ. ಅದು ಮನೆಯಲ್ಲಿ ಮಾಡಿ ಕುಡಿಯುವುದಕ್ಕಲ್ಲ. ಆ ತಾತ ಹೋದ ಮೇಲೆ ಅದನ್ನು ಹೇಳುವವರು ಬೇರೆ ಯಾರೂ ಸಿಗುವುದಿಲ್ಲ, ಅದಕ್ಕೆ. ಗಿಡದ ಗುರುತಿನಲ್ಲಿ ಅನುಮಾನ ಬಂದರೆ ಚಿಂತಾಮಣಿಯ ಹತ್ತಿರ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ದಂಟು, ಒಂದು ಗೆಡ್ಡೆ ಒಯ್ದು ತೋರಿಸಿ ಕೇಳಬಹುದು.

ನೆಡುವವರಿಗೆ ನಾಲ್ಕು ಮಾತು. ನಿಮ್ಮದೇ ಹೊಲದಲ್ಲಿ ಉಳುವಾಗ ಮೇಲೆದ್ದ ಗೆಡ್ಡೆಗಳನ್ನೇ ಆರಿಸಿಕೊಳ್ಳಿ, ಗುಡ್ಡದಿಂದ ಕಿತ್ತು ತರುವುದು ಬೇಡ. ಎಲೆ ಒಣಗಿ ಗೆಡ್ಡೆ ಮಲಗಿರುವ ಬೇಸಿಗೆಯಲ್ಲಿ, ಮೊದಲ ಮಳೆಗೆ ಮುಂಚೆ ನೆಡಿ. ಗೆಡ್ಡೆಯ ಕುತ್ತಿಗೆ ನೆಲದ ಮಟ್ಟಕ್ಕೆ ಬರುವಂತೆ ಗುಂಡಿ ತೋಡಿ, ತಳಕ್ಕೆ ಒಂದು ಹಿಡಿ ಗರಸುಮಣ್ಣು ಹಾಕಿ. ಗೊಬ್ಬರ ಬೇಕಿಲ್ಲ, ನೀರು ಕಟ್ಟಬಾರದು, ನೀರು ನಿಂತರೆ ಕೊಳೆಯುತ್ತದೆ. ಒಂದಕ್ಕೊಂದು ಒಂದು ಅಡಿ ದೂರವಿರಲಿ. ಪಕ್ಕದಲ್ಲಿ ಮರಿಗೆಡ್ಡೆ ಹುಟ್ಟಿದರೆ ಬಿಡಿಸಿ ಮುಂದಿನ ಬೇಸಿಗೆಯಲ್ಲಿ ಬೇರೆ ನೆಡಬಹುದು. ಹಿಡಿದ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಉಳಿದ ಗೆಡ್ಡೆಯನ್ನು ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರ ಮಾತ್ರ ಇಡಬೇಡಿ.